ಅಂಬಾಸಿಡರ್ ಕೆಳಗಿನ ಪರ್ಸಿ

ಹಳೆಯ ಅಂಬಾಸಿಡರ್ ಓಡುವಾಗ ಸೋರುವುದಕ್ಕಿಂತ ನಿಂತಾಗ ಹೆಚ್ಚು ಸೋರುತ್ತದೆ. ಹಾಗಾಗಿ ಅದರ ಎಣ್ಣೆಯ ಋಣ ಹೆದ್ದಾರಿಗಿಂತ ಮನೆಯ ಅಂಗಳಕ್ಕೇ ಜಾಸ್ತಿ. ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಈ ಕಾರಿನ ತಯಾರಿಕೆ ನಿಲ್ಲಿಸಿತು. ಅದೇ ವರ್ಷ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಜಿಲ್ಲೆಯ ಹೆಸರು ಬದಲಾಯಿತೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಉಳಿದ ಬಿಳಿ ಕಾರುಗಳು ತಮ್ಮ ಚಾಳಿಯನ್ನೇನೂ ಬದಲಿಸಿಕೊಳ್ಳಲಿಲ್ಲ.

ಈ ಚಾಳಿಗೆ ಕಾರಣ ಎಂಜಿನ್ನಿನ ಹುಟ್ಟಿನಲ್ಲೇ ಇದೆ. ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಬಹುಕಾಲ ಇದ್ದದ್ದು ಬ್ರಿಟನ್ನಿನ ಬಿಎಂಸಿ ಬಿ ಸರಣಿಯ 1489 ಸಿಸಿ ಎಂಜಿನ್. ಅದರ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಈಗಿನ ಕಾರುಗಳಂತೆ ರಬ್ಬರಿನ ಆಯಿಲ್ ಸೀಲ್ ಇಲ್ಲ. ಶಾಫ್ಟಿನ ಮೈಮೇಲೆ ಸ್ಕ್ರೂವಿನ ಸುರುಳಿಯಂಥ ಗೀರು ಕೊರೆದಿದ್ದಾರೆ, ಅಷ್ಟೆ. ಶಾಫ್ಟು ತಿರುಗುವಾಗ ಆ ಗೀರು ಹೊರಹೊರಟ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಎಂಜಿನ್ ನಿಂತರೆ ತಳ್ಳುವ ಕೆಲಸವೂ ನಿಂತಿತು. ಅದುವರೆಗೆ ದಾರಿ ಕಾದಿದ್ದ ಎಣ್ಣೆ ನಿಧಾನವಾಗಿ ಕ್ಲಚ್ ಹೌಸಿಂಗಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ತೊಂದರೆಯಾಗದಿರಲೆಂದು ಹೌಸಿಂಗಿನ ತಳದಲ್ಲಿ ಒಂದು ತೂತನ್ನೂ ಬಿಟ್ಟಿದ್ದಾರೆ. ಎಣ್ಣೆ ಕ್ಲಚ್ ಪ್ಲೇಟಿಗೆ ತಾಗುವುದಕ್ಕಿಂತ ನೆಲಕ್ಕೆ ಬೀಳುವುದು ಮೇಲೆಂಬುದು ಎಂಜಿನಿಯರರ ಲೆಕ್ಕ. ಆ ನೆಲ ಯಾರದೆಂದು ಅವರು ವಿಚಾರಿಸಿದಂತಿಲ್ಲ.

ಉಳಿದ ಸೋರಿಕೆಗಳು ಇಷ್ಟು ಕುಲೀನವಲ್ಲ. ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗ್ ಒಣಗಿ ಸೆಟೆಯುತ್ತದೆ. ಎಣ್ಣೆಯ ಚೇಂಬರಿನ ಡ್ರೈನ್ ಬೋಲ್ಟಿನ ವಾಷರ್ ಸವೆಯುತ್ತದೆ. ಇಂಥಲ್ಲಿ ಮಿಸ್ತ್ರಿಯ ಮೊದಲ ಮಾತು, ‘ಇನ್ನೊಂದು ಸುತ್ತ ಬಿಗಿ ಮಾಡ್ತೀನ್ರಿ’. ಕಾರ್ಕ್ ಪ್ಯಾಕಿಂಗಿನ ಮಟ್ಟಿಗೆ ಇದರಂಥ ಕೆಟ್ಟ ಮದ್ದಿಲ್ಲ. ಅತಿಯಾಗಿ ಬಿಗಿದರೆ ಕಾರ್ಕು ಹಿಸುಕಿ ಹೊರಬರುತ್ತದೆ, ತಗಡಿನ ಕವರು ಡೊಂಕಾಗುತ್ತದೆ, ಸೋರಿಕೆ ಎರಡು ಕಡೆಗೆ ಹಂಚಿಹೋಗುತ್ತದೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಬ್ರೀದರ್ ಪೈಪು. ಅದು ಧೂಳು, ಜಿಡ್ಡು ತುಂಬಿ ಕಟ್ಟಿಕೊಂಡಿದ್ದರೆ ಎಂಜಿನ್ನಿನೊಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಎಣ್ಣೆಯನ್ನೇ ಸಂದುಗೊಂದುಗಳಿಂದ ನೂಕುತ್ತದೆ. ಎರೆಭೂಮಿಯ ಧೂಳಿನ ಈ ಸೀಮೆಯಲ್ಲಿ ಪೈಪು ಕಟ್ಟಿಕೊಳ್ಳದಿದ್ದರೆ ಅದೇ ಆಶ್ಚರ್ಯ.

ಎಲ್ಲಿಂದ ಸೋರುತ್ತಿದೆ ಎಂದು ತಿಳಿಯಲು ರಾತ್ರಿ ಕಾರಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿದರೆ ಸಾಕು. ಮುಂಜಾನೆ ಮುಂಭಾಗದಲ್ಲಿ ಕರಿಹನಿ ಕಂಡರೆ ಎಂಜಿನ್ ಆಯಿಲ್. ನಡುವೆ ಅಥವಾ ಹಿಂದೆ ಮಂದವಾದ, ಗಂಧಕದ ಕಟು ವಾಸನೆಯ ಹನಿ ಇದ್ದರೆ ಗೇರ್ ಆಯಿಲ್. ಚಕ್ರದ ಬಳಿ ತೆಳ್ಳಗೆ, ತಿಳಿಯಾಗಿ ಏನಾದರೂ ಜಿನುಗಿದ್ದರೆ ಅದು ಬ್ರೇಕಿನದು. ಆಗ ಅಂಗಳದ ಚಿಂತೆ ಬಿಟ್ಟು ಜೀವದ ಚಿಂತೆ ಮಾಡಬೇಕು. ಪತ್ರಿಕೆ ಒಣಗಿದ್ದರೆ ಸಂತೋಷಪಡುವ ಮೊದಲು ಡಿಪ್ ಸ್ಟಿಕ್ ಎಳೆದು ನೋಡುವುದು ಒಳ್ಳೆಯದು. ಎಣ್ಣೆಯೇ ಇಲ್ಲದ ಎಂಜಿನ್ ಕೂಡ ಸೋರುವುದಿಲ್ಲ.

ಇನ್ನು ಹನಿ ಬೀಳುವ ನೆಲದ ಸಂಗತಿ. ಸಗಣಿಯಿಂದ ಸಾರಿಸಿದ ಅಂಗಳವಿದ್ದ ಕಾಲದಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಮತ್ತೊಂದು ಪದರ ಬಿದ್ದರೆ ಕಲೆ ಅಡಿಗೆ ಹೋಗುತ್ತಿತ್ತು. ಕಷ್ಟ ಶುರುವಾದದ್ದು ಪರ್ಸಿ, ಅಂದರೆ ಹಾಸುಗಲ್ಲು, ಬಂದ ಮೇಲೆ. ಇಂಡಿ, ಸಿಂದಗಿ, ಬಾಗೇವಾಡಿಗಳು ಕಪ್ಪು ಬಸಾಲ್ಟ್ ಬಂಡೆಯ ಸೀಮೆ. ಅಂಗಳಕ್ಕೆ ಹಾಸುವ ಚಪ್ಪಟೆ ಕಲ್ಲು ಬರುವುದು ಪೂರ್ವದ ಭೀಮಾ ಸುಣ್ಣಕಲ್ಲಿನ ಪ್ರದೇಶದಿಂದ: ಹಿಂದೆ ಮುದ್ದೇಬಿಹಾಳಕ್ಕೇ ಸೇರಿದ್ದ ತಾಳಿಕೋಟಿಯ ಕಡೆಯಿಂದ, ಇಲ್ಲವೇ ಕಲಬುರಗಿ ಜಿಲ್ಲೆಯ ಶಹಾಬಾದದಿಂದ. ಪದರು ಪದರಾಗಿ ಸೀಳುವ, ನುಣುಪು ಮಾಡಿದರೆ ಹೊಳೆಯುವ, ಬೇಸಿಗೆಯಲ್ಲೂ ತಂಪಾಗಿರುವ ಸೊಗಸಾದ ಕಲ್ಲು ಅದು. ಆದರೆ ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ನೀರು ಆರಿಹೋಗುತ್ತದೆ, ಎಣ್ಣೆ ಒಳಗೇ ಮನೆಮಾಡುತ್ತದೆ. ಎಂಜಿನ್ನಿನಲ್ಲಿ ಸುಟ್ಟ ಇಂಗಾಲದ ಪುಡಿ ಸೇರಿದ್ದರಂತೂ ಕಲೆ ಹಚ್ಚೆಯಂತೆ ಕೂರುತ್ತದೆ. ಮುಂಜಾನೆ ರಂಗೋಲಿ ಹಾಕುವವರು ಆ ಕರಿಚುಕ್ಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎಳೆ ಎಳೆಯಬೇಕಾಗುತ್ತದೆ.

ಹನಿ ಕಲ್ಲಿಗೆ ತಾಗದಂತೆ ನೋಡಿಕೊಳ್ಳುವುದೇ ಇದಕ್ಕೆ ಸುಲಭದ ಉಪಾಯ. ಅಡುಗೆಎಣ್ಣೆಯ 15 ಕೆಜಿ ಡಬ್ಬಿಯನ್ನು ಕತ್ತರಿಸಿ, ಬಡಿದು ಹರಡಿ, ಅಂಚನ್ನು ಎರಡು ಬೆರಳು ಎತ್ತರಕ್ಕೆ ಮಡಚಿದರೆ ಒಳ್ಳೆಯ ತಟ್ಟೆ ಸಿದ್ಧ. ಕಿರಾಣಿ ಅಂಗಡಿಯ ರಟ್ಟು ಇನ್ನೂ ಅಗ್ಗ, ಆದರೆ ಗಾಳಿಗೆ ಅದು ಓಣಿಯ ಪಾಲು, ಮಳೆಗೆ ಮುದ್ದೆ. ತಟ್ಟೆಯನ್ನು ಕಾರು ಬಂದು ನಿಂತ ಕೂಡಲೇ ಇಡಬೇಕು. ಕಾದ ಎಣ್ಣೆ ತೆಳುವಾಗಿದ್ದು ಮೊದಲ ಗಂಟೆಯಲ್ಲೇ ಬೇಗ ಬೇಗ ಬೀಳುತ್ತದೆ. ಊಟ ಮುಗಿಸಿ ಇಡೋಣವೆಂದರೆ ಅಷ್ಟರಲ್ಲಿ ಕಲ್ಲು ಉಂಡಿರುತ್ತದೆ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು: ಎಣ್ಣೆ ನೀರಿನ ಮೇಲೆ ತೇಲುವುದರಿಂದ ತಟ್ಟೆಗೆ ನೀರು ತುಂಬಿದರೆ ತಿಂಗಳ ಗಳಿಕೆಯೆಲ್ಲ ಅಂಚು ದಾಟಿ ಮೊದಲು ಹೊರಬೀಳುತ್ತದೆ. ತಟ್ಟೆಯಲ್ಲಿ ಒಣಗಿದ ಎರೆಮಣ್ಣಿನ ಪುಡಿ ಹರಡಿದರೆ ಈ ಭಯ ಅರ್ಧ ಕಡಿಮೆ. ಹೊಲದಲ್ಲಿ ಬಿರುಕು ಬಿಟ್ಟು ಕಾಲು ಮುರಿಯುವ ಆ ಮಣ್ಣಿನ ಜೇಡಿಗೆ ಹೀರುವ ಗುಣ ಹೇರಳ.

ಹೀಗೆ ಕೂಡಿದ ಕರಿ ಎಣ್ಣೆಯನ್ನು ಗಟಾರಕ್ಕೋ ಬಾವಿಯ ಬದಿಗೋ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಲೆಕ್ಕದಲ್ಲಿ ಬಳಸಿದ ಎಂಜಿನ್ ಎಣ್ಣೆಯೂ ಅಪಾಯಕಾರಿಯೇ. ಎಣ್ಣೆ ಬದಲಿಸುವ ಗ್ಯಾರೇಜಿನ ಪೀಪಾಯಿಗೆ ಒಯ್ದು ಹಾಕುವುದು ಸರಿ.

ಎಷ್ಟು ಜಾಗರೂಕರಾಗಿದ್ದರೂ ಕಲೆ ಬೀಳುತ್ತದೆ. ಆಗ ಸಲಹೆಗಾರರು ಮುಂದೆ ಬರುತ್ತಾರೆ. ಲಿಂಬೆಯ ನಾಡಾದ ಇಂಡಿಯಲ್ಲಿ ಅವರೆಲ್ಲರ ಕೈಯಲ್ಲೂ ಇರುವ ಔಷಧ ಒಂದೇ. ‘ಹುಳಿಗೆ ಯಾವ ಕಲಿ ನಿಲ್ತೈತ್ರಿ?’ ಲಿಂಬೆ ಹಿಂಡಿದರೆ ಕಲ್ಲಿನ ಮೇಲೆ ಸಣ್ಣ ನೊರೆಯೂ ಏಳುತ್ತದೆ. ನೋಡುವವರಿಗೆ ಕೊಳೆ ಬಿಡುತ್ತಿದೆ ಎಂಬ ಸಮಾಧಾನ. ವಾಸ್ತವದಲ್ಲಿ ಬಿಡುತ್ತಿರುವುದು ಕಲ್ಲು. ಪರ್ಸಿಯೆಂದರೆ ಕ್ಯಾಲ್ಸಿಯಂ ಕಾರ್ಬೊನೇಟು. ಲಿಂಬೆಯ ಸಿಟ್ರಿಕ್ ಆಮ್ಲ ಅದನ್ನು ಕರಗಿಸುವಾಗ ಹೊರಡುವ ಇಂಗಾಲದ ಡೈಆಕ್ಸೈಡೇ ಆ ನೊರೆ. ಎಣ್ಣೆಗೆ ಹುಳಿಯ ಗೊಡವೆಯೇ ಇಲ್ಲ. ಕೊನೆಗೆ ಕರಿ ಕಲೆ ಇದ್ದಲ್ಲೇ ಇದ್ದು, ಸುತ್ತ ಹೊಳಪು ಹೋದ ಬಿಳಿಚಿದ ಮಚ್ಚೆಯೊಂದು ಹೊಸದಾಗಿ ಸೇರುತ್ತದೆ. ಬಚ್ಚಲು ತೊಳೆಯುವ ಆಸಿಡ್ ಇದೇ ಕೆಲಸವನ್ನು ಇನ್ನೂ ಚುರುಕಾಗಿ ಮಾಡುತ್ತದೆ. ಖಂಡೇಪೂಜೆಯ (ಆಯುಧಪೂಜೆಯ) ದಿನ ನಾಲ್ಕು ಗಾಲಿಗಳ ಕೆಳಗೆ ಲಿಂಬೆಹಣ್ಣಿಟ್ಟು ಕಾರು ಹಾಯಿಸುವ ಮನೆಗಳ ಪರ್ಸಿಯಲ್ಲಿ ಈ ಮಚ್ಚೆಗಳನ್ನು ನೋಡಬಹುದು. ದೃಷ್ಟಿ ಕಾರಿಗೆ ತಾಗದಿರಬಹುದು, ಕಲ್ಲಿಗೆ ತಾಗಿರುತ್ತದೆ.

ಚಿಮಣಿ ಎಣ್ಣಿ (ಸೀಮೆಎಣ್ಣೆ), ಪೆಟ್ರೋಲ್ ಸುರಿದು ಉಜ್ಜುವವರೂ ಇದ್ದಾರೆ. ಅದು ಕಲೆಯನ್ನು ತೆಳು ಮಾಡಿ ಇನ್ನಷ್ಟು ಆಳಕ್ಕೆ ಇಳಿಸುತ್ತದೆ. ಬೀಡಿ ಸೇದುವವರು ಹತ್ತಿರವಿದ್ದರೆ ಬೇರೆ ಪರಿಣಾಮಗಳೂ ಉಂಟು. ಸರಿಯಾದ ಕ್ರಮ ತಾಳ್ಮೆಯದು. ಹಸಿ ಎಣ್ಣೆಯನ್ನು ಉಜ್ಜದೆ, ಮೇಲೆ ಬೂದಿಯನ್ನೋ ಮರದ ಹೊಟ್ಟನ್ನೋ ಸುರಿದು ಹೀರಲು ಬಿಡಬೇಕು. ಹಳೆಯ ಕಲೆಗೆ ಮುಲ್ತಾನಿ ಮಿಟ್ಟಿಯನ್ನು ವಾಷಿಂಗ್ ಸೋಡಾದ ನೀರಿನಲ್ಲಿ ಕಲಸಿ ದಪ್ಪಗೆ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟು, ಆಮೇಲೆ ಹಾಳೆ ತೆಗೆದು ಒಣಗಿಸಬೇಕು. ಒಣಗುತ್ತ ಒಣಗುತ್ತ ಮಣ್ಣು ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಹೋಗುವುದಿಲ್ಲ. ಎರಡು ಮೂರು ಸಲ ಮಾಡಿದರೆ ಕಪ್ಪು ಕಂದಾಗುತ್ತದೆ, ಕಂದು ಬೂದಿಬಣ್ಣವಾಗುತ್ತದೆ. ಅಲ್ಲಿಗೆ ತೃಪ್ತಿಪಡುವುದು ಮನೆಯವರ ಕೈಲಿದೆ.

ತೃಪ್ತಿಯಾಗದವರು ಗೌಂಡಿಯನ್ನು ಕರೆಸಿ ಪರ್ಸಿಯನ್ನೇ ಎತ್ತಿ ಮಗುಚಿ ಹಾಕಿಸುತ್ತಾರೆ. ಕಲೆ ಅಡಿಗೆ ಹೋಗಿ ಶುಭ್ರವಾದ ಮುಖ ಮೇಲೆ ಬರುತ್ತದೆ. ಆದರೆ ಕೆಳಮುಖಕ್ಕೆ ನುಣುಪು ಕೊಟ್ಟಿರುವುದಿಲ್ಲವಾದ್ದರಿಂದ ಅದು ಎಣ್ಣೆಯನ್ನು ಮೊದಲಿನದಕ್ಕಿಂತ ಬೇಗ ಕುಡಿಯುತ್ತದೆ. ಅನುಭವಸ್ಥ ಗೌಂಡಿ ಕೆಲಸ ಶುರುಮಾಡುವ ಮೊದಲು, ಕಾರು ಮುಂದೆಯೂ ಇಲ್ಲೇ ನಿಲ್ಲುವುದೋ ಎಂದು ಕೇಳಿಕೊಂಡೇ ದರ ಹೇಳುತ್ತಾನೆ.