ಬಂಗಾರದ ಕಿವಿಯ ಗುಣಗಾನ

ಯಂತ್ರ ನಂಬಿ ಕೆಟ್ಟವರಲ್ಲಿ ಆಡಿಯೊ ಎಂಜಿನಿಯರುಗಳಷ್ಟು ಕನಿಕರಕ್ಕೆ ಪಾತ್ರರು ಬೇರಿಲ್ಲ. ಪಾಪ, ಆಂಪ್ಲಿಫೈಯರಿನ ಬಾಲಕ್ಕೆ ಅನಲೈಸರ್ ಕಟ್ಟಿ, ಡಿಸ್ಟಾರ್ಷನ್ ಶೇ. 0.001 ಎಂದು ಬರೆದುಕೊಂಡು, ‘ಮನುಷ್ಯರ ಕಿವಿಗೆ ಕೇಳಿಸದು’ ಎಂದು ಷರಾ ಹಾಕಿ ಮನೆಗೆ ಹೋಗುತ್ತಾರೆ. ಮನುಷ್ಯರ ಕಿವಿಗೆ ಕೇಳಿಸದಿರಬಹುದು. ಬಂಗಾರದ ಕಿವಿಯ ಮಾತೇ ಬೇರೆ.

ಆ ಕಿವಿಯ ಮಹಿಮೆಯನ್ನು ಹತ್ತಿರ ಕೂತು ನೋಡಬೇಕು. ಮೊಳಕ್ಕೆ ಸಾವಿರಗಟ್ಟಲೆ ಬೆಲೆಯ ಸ್ಪೀಕರ್ ವೈರು, ನೆಲ ಸೋಕಿದರೆ ಮೈಲಿಗೆಯಾದೀತೆಂದು ಪಿಂಗಾಣಿಯ ಪುಟ್ಟ ಪೀಠಗಳ ಮೇಲೆ ಪವಡಿಸಿದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡು ತಿರುಗುತ್ತಿದೆ. ಯಜಮಾನರು ತಲೆದೂಗಿ, “ಮಸುಕೆಲ್ಲ ಹೋಯ್ತು ನೋಡಿ. ತಬಲಾ ಎಡಕ್ಕೆ ನಾಲ್ಕಡಿ ಸರಿದು ಕೂತಿತು, ಕೇಳಿಸ್ತಾ?” ಎನ್ನುತ್ತಾರೆ. ರೆಕಾರ್ಡು ಮೊನೊ, ಎಡಬಲವೆಂಬ ಭೇದವೇ ಅದರಲ್ಲಿಲ್ಲ. ಇದ್ದದ್ದನ್ನು ಯಾರು ಬೇಕಾದರೂ ಕೇಳಿಯಾರು, ಇಲ್ಲದ್ದನ್ನು ಕೇಳುವುದಲ್ಲವೇ ಸಾಧನೆ!

ಅವರಿಗೆ ಅರವತ್ತು ದಾಟಿದೆ. ಆ ವಯಸ್ಸಿನ ಸಾಮಾನ್ಯರ ಕಿವಿಗೆ 15,000 ಹರ್ಟ್ಸ್ ಮುಟ್ಟುವುದೂ ಕಷ್ಟ. ಇವರು ಮಾತ್ರ, ಸುಮಾರು 22,000ಕ್ಕೇ ನಿಲ್ಲುವ ಸಿಡಿಯಲ್ಲಿ ಜೀವವಿಲ್ಲವೆಂದು 192 ಕಿಲೊಹರ್ಟ್ಸ್ ಸ್ಯಾಂಪ್ಲಿಂಗಿನ ಫೈಲನ್ನೇ ತರಿಸುತ್ತಾರೆ. ಅದು 96,000 ಹರ್ಟ್ಸ್‌ವರೆಗೆ ಹಿಡಿದಿಡಬಲ್ಲದು. ಅಷ್ಟೆತ್ತರ ಮನೆ ನಾಯಿಗೂ ಎಟುಕದು, ಬಾವಲಿಗೆ ಎಟುಕೀತು.

ಈ ಕಿವಿಗೆ ಪಥ್ಯ ಒಂದೇ: ಕಣ್ಣಿಗೆ ಬೆಲೆಚೀಟಿ ಕಾಣುತ್ತಿರಬೇಕು. ಇದನ್ನರಿಯದವರು ಸುಮ್ಮನೆ ಉಪದ್ರವ ಕೊಟ್ಟಿದ್ದಾರೆ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 40 ಮಂದಿಗೆ ಅವೇ ಸ್ಪೀಕರುಗಳನ್ನು ಒಮ್ಮೆ ಮರೆಯಲ್ಲಿಟ್ಟು, ಇನ್ನೊಮ್ಮೆ ಕಣ್ಣೆದುರಿಗಿಟ್ಟು ಕೇಳಿಸಿದರು. ಕಣ್ಣಿಗೆ ಬಿದ್ದಾಗ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು, ಅಗ್ಗದ ಪುಟಾಣಿಯದು ಇಳಿಯಿತು. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಹೈ-ರೆಸಲ್ಯೂಷನ್ ಧ್ವನಿಯ ದಾರಿಯಲ್ಲಿ ಸಿಡಿ ಮಟ್ಟದ ಪರಿವರ್ತಕ ತೂರಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ವ್ಯತ್ಯಾಸ ಗುರುತಿಸಲು ಕೇಳಿದ್ದು 554 ಸಲ, ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಇಷ್ಟು ಬರುತ್ತಿತ್ತು ಎಂದು ಕೊಂಕು ನುಡಿಯುವವರಿದ್ದಾರೆ. ತಪ್ಪು ಕಿವಿಯದಲ್ಲ, ಪರೀಕ್ಷೆಯದು. ಪರೀಕ್ಷೆಯೆಂದರೆ ಎಂಥ ಕಿವಿಯೂ ಮುದುಡುತ್ತದೆ. ಅಂಗಡಿಯಲ್ಲಿ ಆ ಭಯವಿಲ್ಲ. ದುಬಾರಿ ಸೆಟ್ಟಿನ ಸರದಿ ಬಂದಾಗ ಯಾರೋ ವಾಲ್ಯೂಮನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಅದು ಆಳವಾಗಿ, ತುಂಬಿಕೊಂಡು ಕೇಳಿಸುತ್ತದೆ.

ಅಗ್ನಿಪರೀಕ್ಷೆ ಎದುರಾದದ್ದು 2022ರಲ್ಲಿ. ಅಪ್ಪಟ ಅನಲಾಗ್ ಎಂದು ಜನ ಕೊಂಡಾಡಿದ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಎಲ್‌ಪಿಗಳಲ್ಲಿ ಹಲವು, ವರ್ಷಗಳಿಂದ ಡಿಜಿಟಲ್ ಪ್ರತಿಯಿಂದ ತಯಾರಾಗುತ್ತಿದ್ದವೆಂಬುದು ಬಯಲಾಯಿತು. ಡಿಜಿಟಲ್ ಎಂದರೆ ತಲೆನೋವು ಬರುವ ಕಿವಿಗಳು ಅಷ್ಟು ವರ್ಷ ಕಮಕ್ ಕಿಮಕ್ ಎಂದಿರಲಿಲ್ಲ. ಸುದ್ದಿ ಓದಿದ್ದೇ ತಡ, ಕೋರ್ಟಿಗೆ ಹೋದವರೂ ಉಂಟು. ಕಿವಿ ಅರಿಯದ್ದನ್ನು ಕಣ್ಣು ಅರಿತು ಕಾಪಾಡಿತು.

ಇಂಥ ಕಿವಿಗಳನ್ನು ಬರಿದಾಗಿ ಬಿಡುವುದು ನಮ್ಮ ಸಂಸ್ಕೃತಿಯಲ್ಲ, ಹೂವಿಡಬೇಕು. ವೈರ್ ಕಂಪನಿಗಳು ಆ ಸೇವೆಯನ್ನು ತಪ್ಪದೆ ನಡೆಸಿಕೊಂಡು ಬಂದಿವೆ.