ಚಹಾ ಕಪ್ಪಿನ ವರಾಹ

ಐಹೊಳೆಯವನಿಗೆ ಹಂದಿಯ ಬಗ್ಗೆ ಮಾತಾಡುವ ಅಧಿಕಾರ ಹುಟ್ಟಿನಿಂದಲೇ ಬರುತ್ತದೆ ಎಂಬುದು ನನ್ನ ನಂಬಿಕೆ. ಚಾಲುಕ್ಯರ ಲಾಂಛನವೇ ವರಾಹ. ನಮ್ಮೂರಿನ ರಾವಣಫಡಿ ಗುಹೆಯಲ್ಲಿ ವರಾಹ, ದುರ್ಗದ ಗುಡಿಯ ಪ್ರದಕ್ಷಿಣೆಯಲ್ಲೂ ವರಾಹ. ಹೀಗಾಗಿ ಮಗಳು ಮೊಬೈಲಿನಲ್ಲಿ ಚಹಾ ಕಪ್ಪಿನೊಳಗೆ ಕೂತ ಹಂದಿಮರಿ ತೋರಿಸಿ "ಪಪ್ಪಾ, ನಮಗೂ ಇಂಥಾದ್ದು ಬೇಕು" ಎಂದಾಗ ನಾನು ಹೂಂ, ಊಹೂಂ ಏನೂ ಅನ್ನದೆ ನೇರ ಇಮ್ಮಡಿ ಪುಲಕೇಶಿಗೆ ಹೋದೆ. ಮೇಗುತಿ ಗುಡಿಯ ಶಾಸನದ 634ನೇ ಇಸವಿ ಮುಟ್ಟುವಷ್ಟರಲ್ಲಿ ಕೇಳುಗರಲ್ಲಿ ಉಳಿದಿದ್ದವಳು ಅವ್ವ ಒಬ್ಬಳೇ. ಆಕೆಗೆ ಮೊಣಕಾಲು ನೋವು, ಎದ್ದು ಹೋಗಲಾಗುವುದಿಲ್ಲ.

"ಆ ದೇವರು ಭೂಮೀನ ಎತ್ತಿ ತಂದಾನ ತಮ್ಮಾ. ನೀ ಒಂದು ಕೊಡ ನೀರು ಎತ್ತಿ ತರಂಗಿಲ್ಲ" ಎಂದಳು.

ಹಂದಿಯ ಪರ ವಾದಕ್ಕೆ ಬಲ ಬೇಕೆಂದು ರಾತ್ರಿಯೆಲ್ಲ ಓದಿದೆ. ಓದಿದ್ದೆಲ್ಲ ಎದುರು ಪಕ್ಷ ಸೇರಿತು. ಚಹಾ ಕಪ್ಪಿನ ಹಂದಿ ಎಂಬ ತಳಿಯೇ ಇಲ್ಲವಂತೆ. ಮರಿಯನ್ನು ಅರೆಹೊಟ್ಟೆಯಲ್ಲಿಟ್ಟು ಗಿಡ್ಡ ಮಾಡುವವರಿದ್ದಾರಂತೆ. 1985ರಲ್ಲಿ ಕೆನಡಾಕ್ಕೆ ಬಂದು, ಅಮೆರಿಕದ ಮನೆಗಳಿಗೆ ಹುಚ್ಚು ಹಿಡಿಸಿದ ವಿಯೆಟ್ನಾಮಿನ ಜೋಲುಹೊಟ್ಟೆ ಹಂದಿ ಬೆಳೆದ ಮೇಲೆ 50 ಕಿಲೋ ದಾಟುವುದು ಸಾಮಾನ್ಯ. 1960ರ ದಶಕದಲ್ಲಿ ಜರ್ಮನಿಯ ಗೋಟಿಂಗೆನ್‌ನಲ್ಲಿ ಪ್ರಯೋಗಾಲಯಕ್ಕೆಂದೇ ರೂಪಿಸಿದ ಕಿರುಹಂದಿಯೂ 35-45 ಕಿಲೋ. ಅಂದರೆ ತುಂಬಿದ ಗ್ಯಾಸ್ ಸಿಲಿಂಡರಿಗಿಂತ ಭಾರ. ಸಿಲಿಂಡರನ್ನು ಹೊಸ್ತಿಲು ದಾಟಿಸಲು ನಾನು ಪಕ್ಕದ ಮನೆ ಹುಡುಗನನ್ನು ಕರೆಯುವವನು. ಮಗಳ ಅಳತೆಗೆ ಹತ್ತಿರ ಬರುವುದು ಅಸ್ಸಾಮಿನ ಮಾನಸ್ ಕಾಡಿನ ಕುಬ್ಜ ಹಂದಿ, 6ರಿಂದ 9 ಕಿಲೋ. ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಮನೆಗೆ ತಂದರೆ ಅದು ಕಾಡಿಗೆ, ನಾನು ಜೈಲಿಗೆ.

ಆದರೂ ಬಿಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು, ಹಂದಿ ನಾಯಿಯಷ್ಟೇ ಜಾಣ, ಸ್ವಚ್ಛತೆಯೂ ಬಲ್ಲದು, ಮಲಗುವ ಜಾಗ ಹೊಲಸು ಮಾಡುವುದಿಲ್ಲ. ಬೆವರಿ ತಂಪಾಗಲು ಬಾರದು, ಅದಕ್ಕೇ ಪಾಪ ಕೆಸರಿನಲ್ಲಿ ಹೊರಳುತ್ತದೆ ಎಂದೆ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಲಿಲ್ಲ. "ಅಲ್ರಿ, ನಮ್ಮ ಬ್ಯಾಸಗಿಗೆ ಕುಡಿಯಾಕ ನೀರಿಲ್ಲ, ಅದಕ್ಕ ಕೆಸರು ಎಲ್ಲಿಂದ ತರ್ತೀರಿ?"

"ಮೂಗಿನಿಂದ ನೆಲ ಕೆದರೂದು ಅದರ ಹುಟ್ಟುಗುಣ. ಹಿತ್ತಲಾ ತಾನಾಗೇ ಹರಗಿದಂಗ ಆಗ್ತದ."

"ಹಿತ್ತಲದಾಗ ನನ್ನ ಮೆಂತೆ ಪಲ್ಯೆ ಐತಿ. ಗುಡಿಯಾಗಿನ ವರಾಹ ಏನೂ ಕೆದರೂದಿಲ್ಲ, ಅದ್ಕ ಕೈ ಮುಗಿತೀವಿ. ಓಣ್ಯಾಗಿನ ಹಂದಿ ಹಿತ್ತಲಕ್ಕ ಬಂದ್ರ ಬಡಿಗಿ ತಗೊಂಡು ಮೊದಲ ಓಡಾವ್ರು ಯಾರು?"

ನಾನೇ. ಓಡುವುದೇನೋ ನಿಜ, ಹಂದಿ ತಿರುಗಿ ನಿಂತರೆ ವಾಪಸು ಓಡುವವನೂ ನಾನೇ. ಸಭೆ ಅಲ್ಲಿಗೆ ಮುಗಿಯಿತು.

ಮಗಳು ಈಗ ಕುದುರೆ ಕೇಳುತ್ತಿದ್ದಾಳೆ. ಮೊದಲನೇ ಪುಲಕೇಶಿ ಅಶ್ವಮೇಧ ಮಾಡಿದ್ದನ್ನು ಅವಳಿಗೆ ಯಾರು ಹೇಳಿಕೊಟ್ಟರೋ, ಮನೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಾರೆ.

ನಿಮ್ಮ ಮನೆಗೂ ಇಂಥ ಬೇಡಿಕೆ ಬಂದು, ಮಾರುವವನು "ನೋಡ್ರಿ, ಇದರ ತಾಯಿನೂ ಸಣ್ಣದೇ" ಎಂದು ತೋರಿಸಿದರೆ, ದಯವಿಟ್ಟು ತಾಯಿಯ ವಯಸ್ಸು ಕೇಳಿ. ಹಂದಿ ತಾನಿನ್ನೂ ಮರಿಯಂತಿರುವಾಗಲೇ ಮರಿ ಹಾಕಬಲ್ಲದು. ಜೋಲುಹೊಟ್ಟೆಯದಂತೂ ಆಮೇಲೆ ಇನ್ನೂ ಎರಡು ಮೂರು ವರ್ಷ ಬೆಳೆಯುತ್ತಲೇ ಇರುತ್ತದೆ.