ಗಾಡಿ ಹಿಡಿಯುವ ಸಾಹೇಬರಿಗೆ ಗಡಿಭಾಗದ ಸವಾರರ ಬಿನ್ನಹ

ಮಾನ್ಯ ಸಾಹೇಬರೇ,

ತಮ್ಮ ಠಾಣೆ ಯಾವುದು, ತಮ್ಮ ಹೆಗಲ ಮೇಲೆ ಎಷ್ಟು ನಕ್ಷತ್ರ ಎಂಬುದನ್ನು ಈ ಪತ್ರದಲ್ಲಿ ಬರೆಯುವುದಿಲ್ಲ. ಕುಂಚಾವರಂ ಕಾಡಿನ ರಸ್ತೆಯಿಂದ ಹಿಡಿದು ಚಿಂಚೋಳಿ, ಸೇಡಂ, ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದ್‌ವರೆಗೆ ಯಾವ ತಿರುವಿನಲ್ಲಿ, ಯಾವ ಬೇವಿನ ಗಿಡದ ನೆರಳಿನಲ್ಲಿ ಯಾರು ನಿಂತಿದ್ದರೂ ಈ ಪತ್ರ ಅವರಿಗೇ ಸೇರಿದ್ದು. ನಾವೂ ಹೆಸರು ಹಾಕುವುದಿಲ್ಲ. ಕೆಎ-32 ಗಾಡಿಯವರು ಎಂದರೆ ಸಾಕು, ಅದೂ ನಮ್ಮ ನಂಬರ್ ಪ್ಲೇಟು ಓದಲು ಬಂದರೆ.

ಮೊದಲಿಗೆ ಉಪಕಾರ ಸ್ಮರಣೆ. ನೀವು ರಸ್ತೆಗಿಳಿದ ದಿನ ನಮ್ಮಲ್ಲಿ ಮೂಡುವ ಒಗ್ಗಟ್ಟು ಊರ ಜಾತ್ರೆಗೂ ಮೂಡುವುದಿಲ್ಲ, ಚುನಾವಣೆಯ ಮಾತಂತೂ ಬೇಡವೇ ಬೇಡ. ಎದುರಿಗೆ ಬರುವ ಅಪರಿಚಿತ ಹಾಡಹಗಲೇ ಎರಡು ಸಲ ಲೈಟ್ ಹೊಡೆಯುತ್ತಾನೆ, ಎಡಗೈ ಬೀಸಿ "ಮುಂದ ಹಿಡಿಲತ್ಯಾರ" ಎಂದು ಕೂಗಿ ಹೋಗುತ್ತಾನೆ. ಜಹೀರಾಬಾದ್ ಕಡೆಯವನು ತೆಲುಗಿನಲ್ಲಿ, ತಾಂಡಾದವನು ಲಂಬಾಣಿಯಲ್ಲಿ, ಚಿಂಚೋಳಿಯ ಹಣ್ಣಿನ ವ್ಯಾಪಾರಿ ಉರ್ದುವಿನಲ್ಲಿ ಹೇಳಿದರೂ ನಮಗೆ ತಿಳಿಯದೆ ಹೋದದ್ದಿಲ್ಲ. ಹೊಲದ ಬದುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿ ಮಾತು ಬಿಟ್ಟ ದಾಯಾದಿ ಕೂಡ ಈ ಒಂದು ವಿಷಯದಲ್ಲಿ ದ್ವೇಷ ಸಾಧಿಸುವುದಿಲ್ಲ. ಆದರೆ ಅದೇ ರಸ್ತೆಯಲ್ಲಿ, ನೀವು ನಿಂತ ಜಾಗದಿಂದ ಮುಂದಿನ ಇಳಿಜಾರಿನಲ್ಲಿ, ಆಕ್ಸಲ್ ಮುರಿದ ಸಿಮೆಂಟ್ ಬಲ್ಕರ್ ಒಂದು ಲೈಟಿಲ್ಲದೆ, ಹಿಂದೆ ನಾಲ್ಕು ಕಲ್ಲು ಇಟ್ಟುಕೊಂಡು ನಿಂತಿದ್ದರೆ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಅದರ ಕೈಯಲ್ಲಿ ದಂಡ ಹಾಕುವ ಯಂತ್ರವಿಲ್ಲ. ಅಂದಮೇಲೆ ಅದು ಅಪಾಯ ಹೇಗಾದೀತು?

ಇನ್ನು ಹೆಲ್ಮೆಟ್. ಇದನ್ನು ನಾವು ತಲೆಗೆಂದು ಕೊಂಡದ್ದಲ್ಲ, ನಿಮಗೆಂದು ಕೊಂಡದ್ದು. ರಸ್ತೆ ಬದಿಯಲ್ಲಿ ಹಗ್ಗಕ್ಕೆ ಸಾಲಾಗಿ ತೂಗುಹಾಕಿದ್ದರಲ್ಲಿ ಚೌಕಾಸಿ ಮಾಡಿ ಆರಿಸಿದೆವು. ಒಳಗಿನ ಥರ್ಮೊಕೋಲನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂದು 2021ರ ಜೂನ್ 1ರಿಂದ ನಿಯಮ ಬಂದಿದೆಯಲ್ಲ, ಅದಕ್ಕೆ ನಮ್ಮ ಹೆಲ್ಮೆಟ್ ಮೇಲೂ ಗುರುತು ಇತ್ತು, ಸ್ಟಿಕರ್ ರೂಪದಲ್ಲಿ. ಮೊದಲ ಮಳೆಗೆ ಅದರ ಮೂಲೆ ಎದ್ದಿತು, ಎರಡನೆಯ ಮಳೆಗೆ ಗುರುತೇ ಹೋಯಿತು. ಗದ್ದದ ಪಟ್ಟಿಯ ಕೊಕ್ಕೆ ಮುರಿದಿದೆ, ಇದ್ದಾಗಲೂ ಹಾಕಿರಲಿಲ್ಲ. ಸಂತೆಯಿಂದ ಬರುವಾಗ ಅದರಲ್ಲಿ ಟೊಮೆಟೊ ಕೂರುತ್ತದೆ, ಹೋಗುವಾಗ ಕನ್ನಡಿಗೆ ನೇತಾಡುತ್ತದೆ. ನೀವು ಕಂಡೊಡನೆ ಒಂದೇ ಕೈಯಲ್ಲಿ ಅದನ್ನು ತಲೆಗೇರಿಸುವ ವಿದ್ಯೆ ನಮ್ಮ ಹುಡುಗರಿಗೆ ಕರತಲಾಮಲಕ. ಆ ಹೊತ್ತಿನಲ್ಲಿ ಗಾಡಿ ಅತ್ತಿತ್ತ ಓಲಾಡಿ ಎದುರಿನವನ ಜೀವ ಬಾಯಿಗೆ ಬರುತ್ತದೆ, ನಿಜ. ನಿಯಮ ಪಾಲನೆ ಎಂದಮೇಲೆ ಅಷ್ಟು ಕಷ್ಟ ಇದ್ದದ್ದೇ.

ಯಾಕೆ ಹಾಕುವುದಿಲ್ಲ ಎಂದು ಕೇಳುತ್ತೀರಿ. ನಮ್ಮ ಬಿಸಿಲು ನೋಡಿ ಸಾಹೇಬರೇ. ನಲವತ್ತು ಡಿಗ್ರಿ ದಾಟಿದ ಮೇ ತಿಂಗಳಲ್ಲಿ ತಲೆ ಬೆಂದುಹೋಗುತ್ತದೆ ಎಂದು ನಾವು ಹೇಳುವುದು, ತಲೆ, ಕಿವಿ, ಮೂಗು, ಬಾಯಿ ಎಲ್ಲ ಮುಚ್ಚುವಂತೆ ದಪ್ಪ ಟವೆಲ್ ಮೂರು ಸುತ್ತು ಸುತ್ತಿಕೊಂಡು. ಚಳಿಗಾಲದಲ್ಲಿ ಹೇಳುವ ಕಾರಣ ಇನ್ನೂ ಹುಡುಕಿಲ್ಲ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ರಾಜ್ಯ ಸರ್ಕಾರ 2016ರ ಜನವರಿಯಲ್ಲೇ ಹೇಳಿದೆ. ಆದರೆ ಹಿಂದೆ ಕುಳಿತ ಹೆಂಗಸರ ತಲೆ ನೋಡಿ ನಮ್ಮ ಕಡೆ ದಂಡ ಹಾಕುವುದು ಅಪರೂಪ. ಹೀಗಾಗಿ ಮನೆಗೆ ಎರಡನೆಯ ಹೆಲ್ಮೆಟ್ ತರುವ ಪ್ರಸಂಗ ಬರಲಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ 50,029 ಜನ ಹೆಲ್ಮೆಟ್ ಹಾಕದವರು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಓದಿ ನಮಗೆ ಸಮಾಧಾನವಾಯಿತು. ಅಷ್ಟು ಜನರಲ್ಲಿ ನಾವು ಇಲ್ಲ.

ನೀವು ಹಿಡಿದಾಗ ನಡೆಯುವ ಮಾತುಕತೆ ನಿಮಗೂ ಬಾಯಿಪಾಠ, ನಮಗೂ.

"ಸರ, ಇಲ್ಲೇ ಹೊಲಕ್ಕ ಹೊಂಟಿದ್ನಿರಿ."

"ಹೊಲ ಎಲ್ಲದ?"

"ಇಲ್ಲೇರಿ, ಮುಂದ."

ಮುಂದ ಎಂದರೆ ತಾಂಡೂರು, ತೆಲಂಗಾಣ. ಹೊಲದ ಮಾತು ನಡೆಯದಿದ್ದರೆ ದವಾಖಾನೆ ಬರುತ್ತದೆ, ದವಾಖಾನೆ ನಡೆಯದಿದ್ದರೆ ಮಣ್ಣಿಗೆ ಹೊರಟಿದ್ದೆವು ಎನ್ನುತ್ತೇವೆ. ಹೀಗೆ ನಮ್ಮ ಬಳಗದಲ್ಲಿ ಒಬ್ಬನೇ ಮುದುಕ ಎಷ್ಟೋ ಸಲ ಸತ್ತಿದ್ದಾನೆ. ಮೊದಲೆಲ್ಲ "ಕಾಗದ ಮನ್ಯಾಗ ಅವರಿ" ಎಂಬ ಬ್ರಹ್ಮಾಸ್ತ್ರ ಇತ್ತು. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ ಎಂದು 2018ರಲ್ಲಿ ಕೇಂದ್ರ ಸರ್ಕಾರ ಹೇಳಿ ಅದನ್ನೂ ಕಿತ್ತುಕೊಂಡಿತು. ಈಗ ಮೊಬೈಲ್ ಇಲ್ಲ ಎನ್ನಲಾಗದು, ಏಕೆಂದರೆ ನೀವು ಕೈ ಅಡ್ಡ ಮಾಡಿದಾಗ ಅದು ನಮ್ಮ ಕಿವಿ ಮತ್ತು ಹೆಗಲಿನ ನಡುವೆಯೇ ಇತ್ತು.

ಕೊನೆಗೆ ಫೋನ್ ಹಚ್ಚುತ್ತೇವೆ. "ಸಾಹುಕಾರ್ರು ಲೈನಿನ ಮ್ಯಾಗ ಹಾರ, ಮಾತಾಡ್ರಿ ಸರ." ನೀವು ಫೋನ್ ತಗೊಂಡು "ಹೌದ್ರಿ, ಆಯ್ತ್ರಿ" ಎಂದ ದಿನ ಐನೂರು ರೂಪಾಯಿ ಉಳಿಯಿತೆಂದು ನಮಗೆ ಖುಷಿಯಲ್ಲ, ಊರಲ್ಲಿ ನಮ್ಮ ತೂಕ ಏರಿತೆಂದು ಖುಷಿ. ಸಂಜೆ ಚಹಾದಂಗಡಿಯಲ್ಲಿ ಅದೇ ಕಥೆ, ಸಾಹುಕಾರರ ಹೆಸರು ಸ್ವಲ್ಪ ಜೋರಾಗಿ. ನಮ್ಮ ಹಿಂದೆಯೇ ನಿಂತಿದ್ದವನು ತೊಗರಿ ರಾಶಿಯ ಕೂಲಿಯವನು. ಅವನ ಮೊಬೈಲಿನಲ್ಲಿ ಅಂಥ ನಂಬರು ಯಾವುದೂ ಇರಲಿಲ್ಲ, ಅವನಿಗೆ ರಸೀದಿ ಬಂತು. ಕಾನೂನು ಎಲ್ಲರಿಗೂ ಒಂದೇ, ಫೋನ್ ಹಚ್ಚಲು ಬಾರದವರಿಗೆಲ್ಲ.

ಕಾನೂನು ನಮಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. 2019ರ ಸೆಪ್ಟೆಂಬರ್ 1ರಂದು ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಾಗ ಹೆಲ್ಮೆಟ್ ಇಲ್ಲದ ತಲೆಗೆ ಸಾವಿರ ರೂಪಾಯಿ ಎಂದರು. ಅದೇ ತಿಂಗಳು ಮುಗಿಯುವುದರೊಳಗೆ ನಮ್ಮ ರಾಜ್ಯ ಅದನ್ನು ಐನೂರಕ್ಕೆ ಇಳಿಸಿತು. ಆ ಕಾಯ್ದೆಯಲ್ಲಿ ನಮಗೆ ಬಾಯಿಪಾಠವಾದ ಕಲಂ ಒಂದೇ, 210-ಬಿ. ಕಾಯ್ದೆ ಜಾರಿ ಮಾಡುವವರೇ ತಪ್ಪು ಮಾಡಿದರೆ ಅವರಿಗೆ ದಂಡ ದುಪ್ಪಟ್ಟು. ಹೆಲ್ಮೆಟ್ ಇಲ್ಲದೆ ಹೋಗುವ ಪೇದೆಯ ವಿಡಿಯೊ ವಾಟ್ಸಾಪಿಗೆ ಬಂದರೆ ನಾವು ಅದನ್ನು ಹತ್ತು ಗುಂಪಿಗೆ ಕಳಿಸುತ್ತೇವೆ, ಗಾಡಿ ಓಡಿಸುತ್ತಲೇ.

ದಂಡ ಕಟ್ಟದೆ ಕೂಡುವುದೇ ಲಾಭ ಎಂದು ಕಲಿಸಿದವರೂ ಸರ್ಕಾರದವರೇ. 2023ರ ಫೆಬ್ರವರಿಯಲ್ಲಿ ಹಳೆಯ ಬಾಕಿಗೆ ಅರ್ಧ ರಿಯಾಯಿತಿ ಎಂದರು. ಬೆಂಗಳೂರೊಂದರಲ್ಲೇ ಕೆಲವೇ ದಿನದಲ್ಲಿ ನೂರು ಕೋಟಿಗೂ ಮಿಕ್ಕಿ ಹಣ ಬಿತ್ತು, ಜನ ಕ್ಯೂ ನಿಂತು ಕಟ್ಟಿದರು. ಆಮೇಲೆ ಮತ್ತೆ ಕೊಟ್ಟರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೊಂದು ಸಲ. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲಿದ್ದ ಏಳು ಪ್ರಕರಣಗಳ ದಂಡವೂ ಅರ್ಧ ದರದಲ್ಲೇ ಚುಕ್ತಾ ಆಯಿತೆಂದು ಪತ್ರಿಕೆಗಳಲ್ಲಿ ಬಂತು, ಹೆಚ್ಚಿನವು ಸೀಟ್ ಬೆಲ್ಟಿನದು. ಓದಿ ಮನಸ್ಸು ತುಂಬಿ ಬಂತು. ಕುಂಚಾವರಂನ ಬೈಕಿಗೂ ವಿಧಾನಸೌಧದ ಕಾರಿಗೂ ಅದೇ ಸೇಲ್, ಅದೇ ರೇಟ್! ಆದರೂ ಗಡಿಯಲ್ಲಿದ್ದೇವೆ, ಅಕ್ಕಪಕ್ಕ ನೋಡಬೇಕಾಗುತ್ತದೆ. ತೆಲಂಗಾಣದವರು 2022ರಲ್ಲಿ ಬೈಕಿನ ಬಾಕಿಗೆ ನೂರಕ್ಕೆ ಎಪ್ಪತ್ತೈದು ಬಿಟ್ಟರು, 2023ರ ಡಿಸೆಂಬರಿನಲ್ಲಿ ಎಂಬತ್ತು ಬಿಟ್ಟರು. ಎರಡೂ ಕಡೆ ಓಡಾಡುವ ನಮಗೆ ಯಾವ ರಾಜ್ಯದಲ್ಲಿ ತಪ್ಪು ಮಾಡಿದರೆ ಅಗ್ಗ ಎಂಬ ಲೆಕ್ಕ ಸಿಕ್ಕಿತು. ಹಿಡಿದ ಕೂಡಲೇ ಪೂರ್ತಿ ಕಟ್ಟಿದ ಆ ಕೂಲಿಯವನಿಗೆ ಮಾತ್ರ ಯಾರೂ ಒಂದು ಪೈಸೆ ವಾಪಸ್ ಕೊಡಲಿಲ್ಲ. ಅವಸರ ಒಳ್ಳೆಯದಲ್ಲ ಎಂದು ಅವನಿಗೆ ಬುದ್ಧಿ ಹೇಳಿದೆವು.

ನಗೆ ಬಿಟ್ಟು ಒಂದು ಮಾತು. 2025ರ ಮೇ ಕೊನೆಯಲ್ಲಿ ಮಂಡ್ಯದಲ್ಲಿ ಮೂರು ವರ್ಷದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಅಪ್ಪ ಅಮ್ಮನ ಬೈಕನ್ನು ತಪಾಸಣೆಗೆಂದು ತಡೆದರು. ಬೈಕು ಉರುಳಿತು, ಮಗು ಲಾರಿಯ ಚಕ್ರಕ್ಕೆ ಸಿಕ್ಕಿ ಸತ್ತಿತು. ಮೂವರು ಎಎಸ್‌ಐಗಳು ಅಮಾನತಾದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಗಾಡಿ ನಿಲ್ಲಿಸಬಾರದು, ದಿಢೀರ್ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು ಎಂದು ರಾಜ್ಯದ ಪೊಲೀಸ್ ಮಹಾನಿರ್ದೇಶಕ ಎಂ.ಎ. ಸಲೀಂ ಸುತ್ತೋಲೆ ಹೊರಡಿಸಿದರು. ಹೊರಡಿಸಲೇಬೇಕಿತ್ತು, ಮೊದಲೇ ಹೊರಡಿಸಬೇಕಿತ್ತು. ತಿರುವಿನ ಮರೆಯಿಂದ ಹಾರಿ ಬಂದು ಹ್ಯಾಂಡಲ್ ಹಿಡಿಯುವುದು ಕಾನೂನು ಪಾಲನೆಯಲ್ಲ, ಬೇಟೆ. ಆದರೆ ಆ ಸುದ್ದಿಯಿಂದ ನಾವು ಕಲಿತದ್ದು ಏನು? ಮಗುವನ್ನು ಬೈಕಿನಲ್ಲಿ ಹೇಗೆ ಕೂರಿಸಬೇಕೆಂದು ಯಾರೂ ಕೇಳಲಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಪಟ್ಟಿ, ನಲವತ್ತು ಕಿಲೋಮೀಟರ್ ಮಿತಿ ಎಂಬ ನಿಯಮ ಇದೆ ಎಂದರೆ ನಕ್ಕರು. "ಇನ್ನ ಅವರು ಗಾಡಿ ನಿಲ್ಸಂಗಿಲ್ಲ" ಎಂಬ ಅರ್ಧ ಮಾತು ಮಾತ್ರ ಕುಂಚಾವರಂವರೆಗೂ ಬಂದು ಮುಟ್ಟಿತು.

ಸರಕು ಸಾಗಿಸುವ ಟಂಟಂನಲ್ಲಿ ಜನ ತುಂಬುವ ವಿಷಯದಲ್ಲಿ ನಮ್ಮ ವಾದ ಪೂರ್ತಿ ಸುಳ್ಳಲ್ಲ. ರಾಶಿ ಕಾಲದಲ್ಲಿ ತಾಂಡಾದ ಹೆಂಗಸರು ನಸುಕಿನಲ್ಲೇ ಹೊಲ ಸೇರಬೇಕು, ಆ ಹೊತ್ತಿಗೆ ಆ ಹೊಲಕ್ಕೆ ಯಾವ ಬಸ್ಸೂ ಇಲ್ಲ. 2023ರ ಜೂನ್ 11ರಿಂದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಸರಿ. ನಮ್ಮ ದಾರಿಗೆ ಬಸ್ಸೂ ಇಲ್ಲವಲ್ಲ. ಸರಕಿನ ಗಾಡಿಯಲ್ಲಿ ಜನ ತುಂಬಬಾರದು ಎಂಬ ಕಾನೂನು ಓದಿ ಹೇಳುವವರು ಅವರನ್ನು ಇನ್ನು ಹೇಗೆ ಕಳಿಸುತ್ತಾರೆ ಎಂಬುದನ್ನೂ ಹೇಳಬೇಕು. ಬಡವರ ಈ ನೆಪವನ್ನು ನಾವು ಮಾತ್ರ ಚೆನ್ನಾಗಿ ಬಳಸಿಕೊಂಡಿದ್ದೇವೆ. ಮಳೆಗಾಲದಲ್ಲಿ ಎತ್ತಿಪೋತ ಜಲಪಾತ ನೋಡಲು ಒಂದೇ ಬೈಕಿನಲ್ಲಿ ಮೂವರು ಹೊರಟು, ಪೊಲೀಸರು ತಡೆದರೆ "ಬಸ್ಸೇ ಇಲ್ಲರಿ ಸರ" ಎನ್ನುತ್ತೇವೆ. ಅದು ವನ್ಯಜೀವಿ ಧಾಮದ ರಸ್ತೆ, ಮೆಲ್ಲಗೆ ಹೋಗಿ ಎನ್ನುತ್ತಾರೆ. 2011ರಲ್ಲಿ ಘೋಷಣೆಯಾದ ಧಾಮದ ಸಲುವಾಗಿ ಅದಕ್ಕೂ ಮೊದಲು ಹುಟ್ಟಿದ ನಾವೇಕೆ ಬ್ರೇಕ್ ಒತ್ತಬೇಕು?

ಮಕ್ಕಳ ವಿಷಯ ಬೇಗ ಮುಗಿಸುತ್ತೇವೆ. ಎಂಟನೇ ತರಗತಿಯ ಹುಡುಗ ಸ್ಕೂಟಿ ಓಡಿಸಿದರೆ ಊರೆಲ್ಲ "ಭಾಳ ಶಾಣ್ಯಾ ಅದಾನ" ಎನ್ನುತ್ತದೆ. ಅದೇ ಮೋಟಾರು ವಾಹನ ಕಾಯ್ದೆಯ ಕಲಂ 199-ಎ ಪ್ರಕಾರ ಅವನ ಅಪ್ಪನಿಗೆ ಮೂರು ವರ್ಷದವರೆಗೆ ಜೈಲು, ಇಪ್ಪತ್ತೈದು ಸಾವಿರ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗ ಶಾಣ್ಯಾ ಇರುವುದು ಹೌದು, ಈ ಕಲಂ ಓದಿದ್ದಾನೆ. ಅದಕ್ಕೇ ಅವನು ಠಾಣೆಯ ಮುಂದಿನ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತಾನೆ.

ಹೀಗೆ ಸಾಹೇಬರೇ, ನಮ್ಮ ನಿಮ್ಮ ನಡುವೆ ಒಂದು ತಿಳಿವಳಿಕೆ ಬೆಳೆದಿದೆ. ನಾವು ರಸ್ತೆಗೆ ಹೆದರುವುದಿಲ್ಲ, ನಿಮಗೆ ಮಾತ್ರ ಹೆದರುತ್ತೇವೆ. ನೀವು ಇರುವುದು ಹಗಲು ಹನ್ನೊಂದರಿಂದ, ಒಂದೇ ತಿರುವಿನಲ್ಲಿ. ಉಳಿದ ಹೊತ್ತು ರಸ್ತೆ ನಮ್ಮದು. ಈ ವ್ಯವಸ್ಥೆಗೆ ದಯವಿಟ್ಟು ಧಕ್ಕೆ ತರಬೇಡಿ. ರಾತ್ರಿ ಒಂಬತ್ತರ ಮೇಲೆ ಢಾಬಾದ ಹೊರಗೆ ಊದಿಸುವ ಯಂತ್ರ ಹಿಡಿದು ನಿಲ್ಲಬೇಡಿ, ನೂರು ಮಿಲಿಲೀಟರ್ ರಕ್ತಕ್ಕೆ ಮೂವತ್ತು ಮಿಲಿಗ್ರಾಂ ಎಂಬ ಮಿತಿಯನ್ನು ನಮ್ಮಲ್ಲಿ ಕೆಲವರು ಹೊರಗೆ ಬರುವ ಮೊದಲೇ ದಾಟಿರುತ್ತಾರೆ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳನ್ನು ತಡೆಯಬೇಡಿ, ಅವು ಸಾಹುಕಾರರವು. ಹೆಚ್ಚಿನ ಭಾರಕ್ಕೆ ಇಪ್ಪತ್ತು ಸಾವಿರ, ಮೇಲೆ ಪ್ರತಿ ಟನ್ನಿಗೆ ಎರಡು ಸಾವಿರ ಎಂದು ಕೇಂದ್ರದ ಕಾಯ್ದೆಯಲ್ಲಿ ಬರೆದಿದೆಯೆಂದು ಶಹಾಬಾದ್ ಕಲ್ಲು ತುಂಬಿದ ಟಿಪ್ಪರನ್ನು ತೂಕಕ್ಕೆ ಹಾಕಬೇಡಿ. ರಸ್ತೆ ಬದಿ ನಿಂತ ಬಲ್ಕರುಗಳಿಗೆ ಹೊಳೆಯುವ ಪಟ್ಟಿ ಅಂಟಿಸಬೇಡಿ. ಯಾರು ಫೋನ್ ಕೊಟ್ಟರೂ ಮುಟ್ಟದೆ ರಸೀದಿ ಕೊಡುವ ಅಧಿಕಾರಿ ಯಾರಾದರೂ ನಿಮ್ಮಲ್ಲಿದ್ದರೆ ಅವರನ್ನು ನಮ್ಮ ತಾಲ್ಲೂಕಿಗೆ ಹಾಕಬೇಡಿ. ಅಂಥವರು ಬಂದರೆ ನಾವು ಹೆಲ್ಮೆಟ್ ಹಾಕಬೇಕಾಗುತ್ತದೆ, ಕೊಕ್ಕೆ ಇರುವಂಥದ್ದು.

ಇಂತಿ ತಮ್ಮ ವಿಧೇಯರು,
ಕೆಎ-32 ಗಾಡಿಯವರು

ವಿ.ಸೂ.: ಮುಂದಿನ ಅರ್ಧ ರಿಯಾಯಿತಿ ಯಾವ ತಿಂಗಳು ಎಂದು ಮೊದಲೇ ತಿಳಿಸಿದರೆ ಅದಕ್ಕೆ ತಕ್ಕಂತೆ ತಪ್ಪು ಮಾಡಲು ಅನುಕೂಲವಾಗುತ್ತದೆ. ಎಂಬತ್ತು ಪರ್ಸೆಂಟ್ ಮಾಡಿದರೆ ಇನ್ನೂ ಉಪಕಾರ.